ನೂರೆಂಬತ್ತು ಡಿಗ್ರಿ

ಅರಸೀಕೆರೆ ಪಾಲಿಟೆಕ್ನಿಕ್ಕಿನ ಹಿಂಬದಿ ಕೋಣೆ.
ಕಿಟಕಿಗೆ ಕರಿಬಣ್ಣ ಬಳಿದು ಹದಿನೆಂಟು ವರ್ಷ.
ಹಳೇ ಸೈಕಲ್ಲಿನ ರಿಮ್ಮಿಗೆ ಡಿಗ್ರಿ ಗೀರಿ
ನಡುವೆ ಒಂದು ಬೀದಿದೀಪವನ್ನು
ಬಾವಲಿಯ ಹಾಗೆ ತೂಗುಹಾಕಿದ್ದೇವೆ,
ನಾನು ಮತ್ತು ಅಟೆಂಡರ್ ದ್ಯಾವೀರಯ್ಯ.

ಎತ್ತ ಎಷ್ಟು ಚೆಲ್ಲುತ್ತದೆ, ಬರೆದುಕೊಡಿ:
ಪುರಸಭೆಯ ಪತ್ರದಲ್ಲಿ ಇಷ್ಟೇ ಇತ್ತು.

ದೀಪದ ಅಗಲಕ್ಕೆ ಐದು ಪಟ್ಟು ದೂರ ನಿಲ್ಲಬೇಕು.
ಹತ್ತಿರ ಹೋದರೆ ಗಾಜು, ತಿರುಪು, ತಗಡು;
ಐದು ಪಟ್ಟು ಆಚೆಯಿಂದ ಅದು ಚುಕ್ಕಿ.
ಚುಕ್ಕಿಯಾದ ಮೇಲೇ ಲೆಕ್ಕ.

ಅವರು ರಿಮ್ಮು ತಿರುಗಿಸುತ್ತಾರೆ, ನಾನು ಮೀಟರ್ ಓದುತ್ತೇನೆ.
ಸೊನ್ನೆ? ಮುನ್ನೂರೈವತ್ತು.
ಮೂವತ್ತು? ನಾನೂರೆಂಬತ್ತು.
ಅರವತ್ತು? ಆರುನೂರ ನಲವತ್ತು.
ತೊಂಬತ್ತು? ಮೂರು.
ಅದೂ ನಿಮ್ಮ ಬಿಳಿ ಅಂಗಿಯದಿರಬೇಕು, ಸ್ವಲ್ಪ ಸರೀರಿ.
ಎರಡು ಮೀಟರ್ ದೂರ, ಎರಡೆರಡ್ಲ ನಾಲ್ಕು,
ಎಲ್ಲಕ್ಕೂ ನಾಲ್ಕರ ಗುಣಾಕಾರ.

ಆಮೇಲೆ ಗುಂಡು ಗ್ರಾಫಿನ ಹಾಳೆ,
ಅಡ್ಡ ಕೊಯ್ದ ಈರುಳ್ಳಿಯಂತೆ ಸುತ್ತಿನೊಳಗೆ ಸುತ್ತು.
ನಡುವಿನಿಂದ ಚುಕ್ಕಿ ಎಷ್ಟು ದೂರವೋ
ಆ ದಿಕ್ಕಿಗೆ ಅಷ್ಟು ಬೆಳಕು.
ಹಳೇ ಬುರುಡೆ ದೀಪ ನಿಂಬೆಹಣ್ಣು ಬರೆಯುತ್ತಿತ್ತು;
ಇದು ಎರಡು ರೆಕ್ಕೆ ಬಿಚ್ಚಿತು, ನಡುವೆ ತಗ್ಗು.

"ಹಂಗಾದ್ರೆ ದೀಪದ ಬುಡ ಕತ್ತಲು ಅನ್ನೋದು ಬರೀ ಗಾದೆ ಅಲ್ಲ, ಮೇಡಮ್ಮೋರೆ."
ಅಲ್ಲ, ಆದರೆ ಗಾದೆ ಸ್ವಲ್ಪ ಹೆಚ್ಚಿಗೆ ಹೇಳಿದೆ.
ಬುಡಕ್ಕೆ ಸಾವಿರದ ನಾನೂರು ಕ್ಯಾಂಡೆಲಾ,
ಹತ್ತಿರದ ನೆಲಕ್ಕೆ ಅಷ್ಟು ಸಾಕು.
ದೂರ ಹೋಗುವ ಬೆಳಕು ದಾರಿಯಲ್ಲೇ ತೆಳುವಾಗುತ್ತದೆ,
ಅದಕ್ಕೇ ಅದರ ಬುತ್ತಿ ಗಂಟು ದೊಡ್ಡದು.

ದ್ಯಾವೀರಯ್ಯ ಟೀ ತರಲು ಹೋದರು.
ಉಳಿದ ಹಾಳೆಯ ಮೇಲೆ, ಅಳೆಯದೆ,
ಇನ್ನೊಂದು ದೀಪ ಬರೆಯತೊಡಗಿದೆ.

ಅಪ್ಪ ರೈಲ್ವೆಯ ಲ್ಯಾಂಪ್‌ಮ್ಯಾನ್. ಮೀಟರ್ ಗೇಜಿನ ಕಾಲ.
ಸಂಜೆ ಐದೂವರೆಗೆ ಸೀಮೆಎಣ್ಣೆ ಡಬ್ಬ, ಬತ್ತಿಯ ಕತ್ತರಿ,
ಬೂದಿ ಹಾಕಿ ಉಜ್ಜಿದ ಮೂರು ದೀಪ.
ಏಣಿ ಹತ್ತಿ ಕೈಮರದ ಬೆನ್ನಿಗೆ ಸಿಕ್ಕಿಸಿ ಇಳಿಯುವುದು.
ಅದರ ದಪ್ಪ ಗಾಜು ಬೆಳಕನ್ನೆಲ್ಲ ಗುಡ್ಡೆಮಾಡಿ
ಒಂದೇ ಕಡೆ ದಬ್ಬುತ್ತಿತ್ತು,
ಬಾಣಾವರದಿಂದ ಬರುವ ಡ್ರೈವರನ ಕಣ್ಣಿಗೆ.
ಮಗ್ಗುಲಲ್ಲಿ ನಿಂತವನಿಗೆ ಕಂಬವೂ ಕಾಣದು.
ನಮ್ಮ ಕ್ವಾರ್ಟರ್ಸು ಅದರ ಬೆನ್ನ ಹಿಂದೆ.

ನಿಮ್ಮಪ್ಪನೂ ಅದೇ ಜಾತಿ, ಅನ್ನುತ್ತಿದ್ದಳು ಅಮ್ಮ,
ಮುಖವೆಲ್ಲ ರೈಲಿಗೆ.

ಆದರೆ ಆ ಡಬ್ಬದ ಹಿಂಬದಿಗೊಂದು ತೂತು, ಕಡಲೆಕಾಳಿನಷ್ಟು,
ಉರಿಯುತ್ತಿದೆಯೋ ಇಲ್ಲವೋ ಕ್ಯಾಬಿನ್ನಿನವರಿಗೆ ತಿಳಿಯಲೆಂದು.
ಕ್ಯಾಬಿನ್ನಿಗಿಂತ ಮೊದಲು ನೋಡುತ್ತಿದ್ದವಳು ಅಮ್ಮ,
ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಾ.
ಒಂದು. ಎರಡು.
ಮೂರನೆಯದೂ ಹೊತ್ತಿದರೆ ಆಸಾಮಿ ಇಳಿದಂತೆ,
ಮುದ್ದೆಗೆ ಎಸರಿಡಬಹುದು.

ಒಂದು ಆಷಾಢದ ಸಂಜೆ ಮೂರನೆಯದು ಹೊತ್ತಲಿಲ್ಲ.
ಸೆರಗು ಬಿಗಿದು ಹಳಿಗುಂಟ ಓಡಿದಳು,
ಕೈಯಲ್ಲಿ ನನ್ನ ಒಂದು ಲಂಗ, ಹಾಗೇ.
ಗಾಳಿಗೆ ಆರಿತ್ತು, ಅಷ್ಟೇ.
ಇಬ್ಬರೂ ಗಾಳಿಯನ್ನು ಬೈಯುತ್ತಾ ಬಂದರು.
ಆ ರಾತ್ರಿ ಮುದ್ದೆ ಗಂಟುಗಂಟಾಗಿತ್ತು,
ಅಪ್ಪ ಏನೂ ಅನ್ನಲಿಲ್ಲ.

ಹಾಳೆಯಲ್ಲಿ ಸೊನ್ನೆ ಡಿಗ್ರಿಗೆ ಉದ್ದನೆಯ ಮುಳ್ಳು,
ಅಂಚು ದಾಟಿ ಪೆನ್ಸಿಲ್ ಮೇಜಿನ ಮರದ ಮೇಲೂ ಓಡಿದೆ.
ಎರಡೂ ಪಕ್ಕ ಖಾಲಿ.
ನೂರೆಂಬತ್ತರಲ್ಲಿ, ನಡುವಿಗೆ ಅಂಟಿಕೊಂಡು, ಒಂದು ಚುಕ್ಕಿ.

ಟೀ ಇಟ್ಟು ದ್ಯಾವೀರಯ್ಯ ರಬ್ಬರ್ ಕೈಗೆತ್ತಿಕೊಂಡರು:
"ಇಲ್ಲೇನೋ ಕೊಳೆ ಆಗಿದೆ."

ಬಿಡಿ, ಅಂದೆ. ಅದು ರೀಡಿಂಗು.